ಮೂರು ಹಲಸು, ಒಂದು ಹೊನ್ನೆ

ಮೇಜು ಮಾಡುತ್ತೇನೆ ಎಂದು ನಾನು ಮೊದಲು ಹೇಳಿದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಮಜ್ಜಿಗೆ ಸುರಿದುಕೊಳ್ಳುತ್ತಿದ್ದ ಅಪ್ಪಯ್ಯ ಕೈ ನಿಲ್ಲಿಸಿ, “ಯಾರ ಹತ್ರ ಮಾಡಿಸ್ತೀಯ?” ಎಂದು ಕೇಳಿದರು.

“ಮಾಡಿಸೋದಲ್ಲ, ನಾನೇ ಮಾಡೋದು.”

ಅವರು ಮತ್ತೆ ಮಜ್ಜಿಗೆ ಸುರಿದುಕೊಂಡರು. ಉಪ್ಪಿನಕಾಯಿ ಕೇಳಿದರು. ಅವರ ಮಟ್ಟಿಗೆ ನನ್ನ ಮೇಜಿನ ವಿಷಯ ಅಲ್ಲಿಗೆ ಮುಗಿದಿತ್ತು.

ನನಗೆ ಮೇಜು ಬೇಕಾಗಿದ್ದು ಶೋಕಿಗಲ್ಲ. ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಹೈಸ್ಕೂಲು ಗಣಿತದ ಮಾಸ್ತರು. ಹದಿನಾರು ವರ್ಷದಿಂದ ಉತ್ತರ ಪತ್ರಿಕೆ ತಿದ್ದುತ್ತಾ ಬಂದಿರುವುದು ಹೆಂಡತಿಯ ಹೊಲಿಗೆ ಮಷೀನಿನ ಮೇಲೆ. ಕಷ್ಟದ ಲೆಕ್ಕ ಬಂದರೆ ಕಾಲು ಕುಣಿಸುವುದು ನನ್ನ ಅಭ್ಯಾಸ. ಕಾಲು ಇರುವುದು ಪೆಡಲಿನ ಮೇಲೆ. ಪೆಡಲು ಆಡಿದರೆ ಸೂಜಿ ಸುಮ್ನೆ ಕೂರುತ್ತದಾ? ಒಮ್ಮೆ ಒಬ್ಬ ಹುಡುಗನ ಪತ್ರಿಕೆ, ತಪ್ಪು ಉತ್ತರದ ಉದ್ದಕ್ಕೂ ನೀಲಿ ದಾರದ ಹೊಲಿಗೆ ಬಿದ್ದು ಮನೆಗೆ ಹೋಯಿತು. ಮರುದಿನ ಅವನ ಅಮ್ಮ ಶಾಲೆಗೇ ಬಂದರು. “ಕೆಂಪು ಶಾಯೀಲಿ ಗೀಟು ಹಾಕಿದ್ರೆ ಸಾಲ್ತಿರಲಿಲ್ವಾ ಸರ್?” ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಮರ ಮನೆಯಲ್ಲೇ ಇತ್ತು. ಹಳೇ ಅಡಿಗೆಮನೆಯ ಅಟ್ಟ ಇಳಿಸಿದಾಗ ಎಂಟು ಹಲಸಿನ ಹಲಗೆ, ನಾಲ್ಕೈದು ಜಂತೆ ಸಿಕ್ಕಿದ್ದವು. ಹೊಗೆ ಕುಡಿದು ಕುಡಿದು ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಅದರಲ್ಲಿ ಒಂದು ಹಲಗೆಯ ಮೇಲೆ ಅಜ್ಜನ ಅಕ್ಷರ. ಪೆನ್ಸಿಲಿನಲ್ಲಿ ಬರೆದದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಕಾಣಿಸಿತು: “ಗಾಣದವನಿಂದ ಬರತಕ್ಕದ್ದು 14 ರೂ. 8 ಆಣೆ.” ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಹಾಗಾಗಿ ಬಾಕಿ ಅದಕ್ಕಿಂತ ಈಚಿನದಲ್ಲ. ಗಣಿತದವನಿಗೆ ಇಷ್ಟು ಸಿಕ್ಕರೆ ಸಾಕು. ಶೇಕಡಾ 6ರ ಚಕ್ರಬಡ್ಡಿ ಹಾಕಿ, 67 ವರ್ಷಕ್ಕೆ ಲೆಕ್ಕ ಕಟ್ಟಿದೆ. 719 ರೂಪಾಯಿ ಬಂತು.

“ಹೋಗಿ ವಸೂಲು ಮಾಡ್ಕೊಂಡು ಬಾ. ಅದಕ್ಕೆ ಸ್ವಲ್ಪ ಸೇರಿಸಿ ಅಂಗಡಿ ಮೇಜು ತಗೋ” ಎಂದರು ಅಪ್ಪಯ್ಯ.

ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಶುರುವಾಯಿತು. ಹತ್ತು ದಿನದ ಕೆಲಸ ಅಂತ ನನ್ನ ಅಂದಾಜು. 4 ಅಡಿ ಉದ್ದ, 2 ಅಡಿ ಅಗಲ, 30 ಅಂಗುಲ ಎತ್ತರ, ಬಲಗಡೆ ಒಂದು ಡ್ರಾಯರ್. ಗ್ರಾಫ್ ಹಾಳೆಯಲ್ಲಿ ಮೇಲಿಂದ, ಮುಂದಿಂದ, ಪಕ್ಕದಿಂದ ಮೂರು ಚಿತ್ರ ಬರೆದೆ. ಈ ಇಡೀ ಪ್ರಕರಣದಲ್ಲಿ ಮೂಲೆಗಳೆಲ್ಲ 90 ಡಿಗ್ರಿ ಇದ್ದದ್ದು ಆ ಹಾಳೆಯಲ್ಲಿ ಮಾತ್ರ.

ನಮ್ಮ ಪಕ್ಕದ ಮನೆಯಲ್ಲಿ ಆಚಾರ್ರಿದ್ದಾರೆ. ಎಪ್ಪತ್ತು ದಾಟಿದೆ. ಮಂಡಿನೋವು ಅಂತ ಕೆಲಸ ಬಿಟ್ಟಿದ್ದಾರೆ. ಊರಿನ ಅರ್ಧಕ್ಕರ್ಧ ಬಾಗಿಲು, ಕಿಟಕಿ, ತೊಟ್ಟಿಲು ಅವರ ಕೈಯಲ್ಲಿ ಆದವು. ಮೊದಲೇ ಸಾಗರ ಅಂದರೆ ಗುಡಿಗಾರರ ಊರು, ಶ್ರೀಗಂಧದ ಕೆತ್ತನೆಗೆ ಹೆಸರಾದದ್ದು. ಈ ಸೀಮೆಯಲ್ಲಿ ಸುಮ್ಮಸುಮ್ಮನೆ ಉಳಿ ಹಿಡಿಯುವವನಿಗೆ ಸ್ವಲ್ಪ ನಾಚಿಕೆಯಾದರೂ ಇರಬೇಕು. ನನಗೆ ಇರಲಿಲ್ಲ. ಆಚಾರ್ರು ದಿನಾ ಬೆಳಿಗ್ಗೆ ಬೇಲಿಯಾಚೆ ತಮ್ಮ ಜಗುಲಿಯ ಮೇಲೆ ಕೂತು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ನನ್ನ ಕೆಲಸ ನೋಡುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು. ಅವಳು ನನ್ನದೇ ಶಾಲೆಯ ಒಂಬತ್ತನೇ ಕ್ಲಾಸಿಗೆ ಬರಬೇಕಾದವಳು. ಇಬ್ಬರೂ ಏನೂ ಹೇಳುತ್ತಿರಲಿಲ್ಲ. ಟಿವಿ ನೋಡುವವರು ಟಿವಿಯ ಜೊತೆ ಮಾತಾಡುತ್ತಾರಾ?

ಹಳೇ ಮರ ಕೊಯ್ಯಲು ಮಿಲ್ಲಿನವರು ಸುಲಭಕ್ಕೆ ಒಪ್ಪುವುದಿಲ್ಲ. “ಮೊಳೆ ಇದೆಯಾ?” ಅನ್ನುವುದೇ ಮೊದಲ ಪ್ರಶ್ನೆ. ಬ್ಲೇಡಿಗೆ ಮೊಳೆ ಸಿಕ್ಕರೆ ಹಲ್ಲು ಹೋಗುತ್ತದೆ. ಆ ಖರ್ಚು ಮರ ತಂದವನ ತಲೆಗೆ. ನಾನು ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತ ಬಿಚ್ಚಿ, ದಾರಕ್ಕೆ ಕಟ್ಟಿ, ಹಲಗೆ ಹಲಗೆಯ ಮೇಲೂ ಓಡಿಸಿದೆ. ಅದು ಎಲ್ಲೆಲ್ಲಿ ಮುಗ್ಗರಿಸಿತೋ ಅಲ್ಲೆಲ್ಲ ಅಗೆದೆ. ಕಮ್ಮಾರ ಕೈಯಲ್ಲಿ ಬಡಿದು ಮಾಡಿದ ಚೌಕ ಮೊಳೆಗಳು. ಒಟ್ಟು 31. ಎಲ್ಲವನ್ನೂ ಒಂದು ಕೊಬ್ಬರಿ ಎಣ್ಣೆ ಡಬ್ಬಿಗೆ ಹಾಕಿ, ಪುರಾವೆಗೆ ಇರಲಿ ಅಂತ ಮಿಲ್ಲಿಗೆ ಒಯ್ದು ತೋರಿಸಿದೆ. ಮಿಲ್ಲಿನವ ಡಬ್ಬಿ ಅಲ್ಲಾಡಿಸಿ ನೋಡಿ ಒಪ್ಪಿಕೊಂಡ.

32ನೆಯದನ್ನು ಅವನ ಬ್ಲೇಡೇ ಹುಡುಕಿತು. ಕಿಡಿ ಹಾರಿತು, ಮಿಲ್ಲು ನಿಂತಿತು, ನಾನು 900 ರೂಪಾಯಿ ಎಣಿಸಿದೆ.

ಹಲಸಿನ ಮರ ಹೊರಗೆ ಎಷ್ಟೇ ಕಪ್ಪಗಿರಲಿ, ಒಳಗೆ ಅರಿಸಿನ. ಹತ್ತರಿ ಹೊಡೆಯುತ್ತಿದ್ದ ಹಾಗೆ ಕಪ್ಪು ಸಿಪ್ಪೆ ಹೋಗಿ, ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳಲು ಶುರುವಾಯಿತು. ಚಂದ ಅಂದರೆ ಚಂದ. ಆಮೇಲೆ ಉಪ್ಪು ಕಾಗದ ಹಾಕಿ ಉಜ್ಜಿದೆ. ಮೊದಲು 80 ನಂಬರಿನದು, ಆಮೇಲೆ 120, ಆಮೇಲೆ 220. ಏಪ್ರಿಲ್ ಸೆಕೆ, ಮೈಯೆಲ್ಲ ಬೆವರು, ಅದರ ಮೇಲೆ ಹಲಸಿನ ಪುಡಿ. ಸಂಜೆ ಹೊತ್ತಿಗೆ ನನ್ನ ಕೈ, ಕುತ್ತಿಗೆ, ಬನಿಯನ್ನು, ಕಣ್ಣಿನ ಸುತ್ತ ಎಲ್ಲ ಹಳದಿ. ಹಾಗೇ ಹಾಲು ತರಲು ಹೋದೆ. ಹಾಲು ಕೊಡುವ ಅತ್ತಿಗೆ ನನ್ನ ಮುಖ ನೋಡಿ ಚೆಂಬು ಕೆಳಗಿಟ್ಟರು. ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಒಂದು ಕಟ್ಟು ನೆಲನೆಲ್ಲಿ ಬಂತು. “ಕಾಮಾಲೆಗೆ ಇದೇ ಸೈ. ಏಳು ದಿನ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕೊಡಿ, ಎಣ್ಣೆ ಒಗ್ಗರಣೆ ಬೇಡ” ಎಂದು ಹೆಂಡತಿಗೆ ಹೇಳಿ ಹೋದರು. ಅದು ಮರದ ಪುಡಿ ಎಂದು ತಿಳಿಸುವಷ್ಟರಲ್ಲಿ ಸುದ್ದಿ ಬಸ್ ಸ್ಟ್ಯಾಂಡಿನವರೆಗೆ ಹೋಗಿತ್ತು. ಎರಡು ಮನೆಯವರು ಎಳನೀರು ಹಿಡಿದುಕೊಂಡು ನೋಡಲು ಬಂದರು. ಎಳನೀರನ್ನು ನಾವು ವಾಪಸು ಕಳಿಸಲಿಲ್ಲ.

ಬನಿಯನ್ನಿನ ಬಣ್ಣ ಮಾತ್ರ ಎಷ್ಟು ಒಗೆದರೂ ಹೋಗಲಿಲ್ಲ. ಥಾಯ್ಲೆಂಡ್, ಬರ್ಮಾ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚಕ್ಕೆ ಕುದಿಸಿಯೇ ಬಣ್ಣ ಕಟ್ಟುತ್ತಿದ್ದರು ಎಂದು ಹೆಂಡತಿಗೆ ಹೇಳಿದೆ. “ಬಟ್ಟೆ ಆಯ್ತಲ್ಲ, ಇನ್ನು ಹೊರಡೋದೊಂದು ಬಾಕಿ” ಎಂದಳು.

ಈಗ ಟೇಪಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಂದಿನ ಎಲ್ಲ ಅನಾಹುತದ ತಾಯಿಬೇರು ಅಲ್ಲೇ ಇದೆ.

ಹೊಸ ಸ್ಟೀಲ್ ಟೇಪು ತಂದಿದ್ದೆ. ಅದರ ತುದಿಯ ಕೊಕ್ಕೆ ಸಡಿಲ. ಬೆರಳಿಟ್ಟು ನೋಡಿದರೆ ಒಂದು ಮಿಲಿಮೀಟರಿನಷ್ಟು ಹಿಂದೆ ಮುಂದೆ ಆಡುತ್ತಿತ್ತು. ಗಣಿತದ ಮಾಸ್ತರಿಗೆ ಇದನ್ನು ಸಹಿಸಲು ಆಗುತ್ತದಾ? ಸೊನ್ನೆ ಅನ್ನುವುದೇ ಅಲ್ಲಾಡಿದರೆ ಒಂದು, ಎರಡು, ಮೂರರ ಗತಿ ಏನು? ಫೆವಿಕ್ವಿಕ್ ಎರಡು ಹನಿ ಹಾಕಿ, ಕೊಕ್ಕೆ ಮಿಸುಕದ ಹಾಗೆ ಅಂಟಿಸಿದೆ. ಹೆಮ್ಮೆಯಿಂದ ಆಚಾರ್ರಿಗೂ ತೋರಿಸಿದೆ. ಅವರು ಟೇಪನ್ನು ಕೈಯಲ್ಲಿ ಹಿಡಿದು, ಕೊಕ್ಕೆ ಮುಟ್ಟಿ, ನನ್ನ ಮುಖ ನೋಡಿ, “ಹೂಂ” ಅಂದು ವಾಪಸು ಕೊಟ್ಟರು.

ಆ ಸಡಿಲ ಬೇಕಂತಲೇ ಇಟ್ಟದ್ದು ಎಂದು ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ಮುಂದೆ ಬರಬೇಕು. ಗೋಡೆಗೋ ಗೂಡಿನ ಒಳಗೋ ಒತ್ತಿ ಅಳೆದಾಗ ಹಿಂದೆ ಸರಿಯಬೇಕು. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟೇ ಅದರ ಆಟ. ಹಾಗಿದ್ದರೆ ಮಾತ್ರ ಎರಡೂ ಅಳತೆ ಸರಿ ಬರುತ್ತದೆ. ಅಂಟಿಸಿಬಿಟ್ಟರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತದೆ. ನಾನು ಅಷ್ಟರಲ್ಲಿ ಮೇಜಿನ ನಾಲ್ಕು ಅಡ್ಡಪಟ್ಟಿಗಳಲ್ಲಿ ಎರಡನ್ನು ಅಂಟಿಸುವ ಮೊದಲು, ಎರಡನ್ನು ಅಂಟಿಸಿದ ಮೇಲೆ ಕೊಯ್ದಿದ್ದೆ. ಡ್ರಾಯರಿನದ್ದು ಪೂರ್ತಿ ಆಮೇಲಿನ ಅಳತೆ.

“ಹೇಳಬಹುದಿತ್ತಲ್ಲ ಆಚಾರ್ರೇ?”

“ನೀವು ತೋರಿಸಿದ್ರಿ, ನಾನು ನೋಡಿದೆ. ಕೇಳಿದ್ರೆ ಹೇಳ್ತಿದ್ದೆ ಮಾಸ್ತರ್ರೇ.”

ಕಾಲುಗಳ ಕೆಲಸ ಮಾತ್ರ ನಾನು ಮೈಮುರಿದು ಮಾಡಿದೆ. ಸ್ಕ್ರೂ ಹೊಡೆದು ನಿಲ್ಲಿಸುವುದಲ್ಲ, ಕಾಲಿನಲ್ಲಿ ಗೂಡು ತೋಡಿ, ಅಡ್ಡಪಟ್ಟಿಯ ತುದಿಯನ್ನು ನಾಲಿಗೆ ಮಾಡಿ ಅದರೊಳಗೆ ತೂರಿಸುವುದು ಅಂತ ಹಠ. ಉಳಿ, ಕೊಡತಿ ಹಿಡಿದು ಒಂದೊಂದು ಕಾಲಿಗೆ ಎರಡೆರಡು ಗೂಡು. ಒಂದು ಕಾಲಿಗೆ ಎರಡು ದಿನ. ಎಂಟು ದಿನಕ್ಕೆ ನಾಲ್ಕು ಕಾಲು ಮುಗಿದವು. ನಾಲ್ಕನೇ ಕಾಲಿನ ಗೂಡುಗಳಂತೂ ಎಷ್ಟು ನೇರ್ಪಾಗಿ ಬಂದಿದ್ದವು ಅಂದರೆ, ಅದನ್ನು ಒಳಗೆ ತಂದು ಹೆಂಡತಿಗೆ, ಅಮ್ಮನಿಗೆ ತೋರಿಸಿ, ಬಚ್ಚಲುಮನೆಯ ಗೋಡೆಗೆ ಒರಗಿಸಿ ಇಟ್ಟು, ಗದ್ದೆ ಕಡೆ ಹೋಗಿ ಬಂದೆ.

ಅವತ್ತಿನ ಸ್ನಾನ ನನಗೆ ಇನ್ನೂ ನೆನಪಿದೆ. ಹಂಡೆಯ ನೀರು ಹದವಾಗಿ ಕಾದಿತ್ತು. ಕೆಳಗೆ ಒಲೆಯಲ್ಲಿ ನಿಗಿನಿಗಿ ಕೆಂಡ. ಎಂಟು ದಿನದ ಮೈಕೈ ನೋವಿಗೆ ಚೆಂಬು ಚೆಂಬು ಸುರಿದುಕೊಂಡೆ. ಹಾಡನ್ನೂ ಹೇಳಿದೆ ಅಂತ ಕಾಣುತ್ತದೆ. ಹೊರಗೆ ಬಂದು ಕಾಲು ಎಣಿಸಿದರೆ ಮೂರೇ.

“ಗೋಡೆಗೆ ಒರಗಿತ್ತಲ್ಲ, ತೂತುಬಿದ್ದ ಕೊರಡು ಅಂದ್ಕಂಡೆ” ಎಂದಳು ಅಮ್ಮ. “ಕೆಂಡ ಒಳ್ಳೇ ಬಂತು ಮಾರಾಯ. ಹಲಸು ಹಲಸೇ.”

ಅವಳ ತಪ್ಪಲ್ಲ. ಹದಿನೈದು ದಿನದಿಂದ ಹತ್ತರಿ ಸಿಪ್ಪೆ, ಹೊಟ್ಟು, ತಪ್ಪಾಗಿ ಕೊಯ್ದ ತುಂಡು ಎಲ್ಲವೂ ಬಚ್ಚಲ ಒಲೆಗೇ ಹೋಗುತ್ತಿದ್ದವು. ನನ್ನ ಬಡಗಿ ಕೆಲಸದಿಂದ ಮನೆಗೆ ಆದ ಲಾಭ ಅಂದರೆ ಅದೊಂದೇ. ಹಾಗೆ ನೋಡಿದರೆ ತಪ್ಪು ತುಂಡು ಯಾವುದು, ಸರಿ ತುಂಡು ಯಾವುದು ಎಂದು ನನಗೇ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ.

ಹಲಸಿನ ಜಂತೆ ಮುಗಿದಿತ್ತು. ಉಳಿದದ್ದು ಒಂದು ಹೊನ್ನೆಯ ತುಂಡು. ಹಾಗಾಗಿ ನಮ್ಮ ಮೇಜಿಗೆ ಮೂರು ಹಲಸಿನ ಕಾಲು, ಒಂದು ಹೊನ್ನೆ ಕಾಲು. ಹಲಸು ಹಳದಿ, ಹೊನ್ನೆ ಕೆಂಪುಗಂದು. ದೂರದಿಂದ ನೋಡಿದರೆ ಮೇಜು ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡ ಹಾಗೆ ಕಾಣುತ್ತದೆ. ಅಪ್ಪಯ್ಯ ಮಾತ್ರ ಅವತ್ತು ಮೊದಲ ಸಲ ಮೇಜಿನ ಹತ್ತಿರ ಬಂದರು. ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರಿದ್ದಾರೆ. ಅಪ್ಪಯ್ಯನಿಗೂ ಸಕ್ಕರೆ ಇದೆ. ಹೊನ್ನೆ ಸಿಪ್ಪೆ ಒಂದು ಮುಷ್ಟಿ ಆರಿಸಿಕೊಂಡು ಹೋಗಿ ನೀರಿಗೆ ಹಾಕಿದರು. ಬೆಳಿಗ್ಗೆ ಕುಡಿದು, “ನಿನ್ನ ಮೇಜಿಂದ ಇದೊಂದು ಉಪಕಾರ ಆಯ್ತು” ಎಂದರು. ಮುಂದಿನ ವಾರ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇದ್ದಲ್ಲೇ ಇತ್ತು. ಆ ಹೊತ್ತಿಗೆ ಹಲಸಿನ ಹಣ್ಣಿನ ಕಾಲವೂ ಆಗಿತ್ತು, ಅವರು ದಿನಾ ಹತ್ತು ತೊಳೆ ಹೊಡೆಯುತ್ತಿದ್ದರು. ಹಾಗಾಗಿ ಹೊನ್ನೆಯನ್ನು ದೂರುವುದು ನ್ಯಾಯವಲ್ಲ.

ಅಂಟಿಸುವ ದಿನ ಬಂತು. ಮೊಬೈಲಿನಲ್ಲಿ ನೋಡಿದ್ದೆ, ಅಲ್ಲಿಯವರ ಹಿಂದಿನ ಗೋಡೆಯಲ್ಲಿ ನಲವತ್ತು ಕ್ಲ್ಯಾಂಪು ನೇತಾಡುತ್ತಿರುತ್ತವೆ. ನಮ್ಮಲ್ಲಿ ಇದ್ದದ್ದು ತೆಂಗಿನ ಹಗ್ಗ, ಎರಡು ಸೈಕಲ್ ಟ್ಯೂಬು ಮತ್ತು ಬೀಸುಕಲ್ಲು. ಜಗುಲಿಯ ಮೇಲೆ ಪೇಪರ್ ಹಾಸಿ, ಮೇಲ್ಭಾಗದ ಮೂರು ಹಲಗೆಯ ಅಂಚಿಗೆ ಫೆವಿಕಾಲ್ ಬಳಿದು, ಜೋಡಿಸಿ, ಹಗ್ಗ ಸುತ್ತಿ, ಹಗ್ಗಕ್ಕೆ ಕೋಲು ತೂರಿಸಿ ತಿರುಚಿದೆ. ಬಿಗಿಯಾಗುತ್ತಿದ್ದ ಹಾಗೆ ನಡುವಿನ ಹಲಗೆ ಮೇಲೆದ್ದಿತು. ಅದರ ಮೇಲೆ ಬೀಸುಕಲ್ಲು ಇಟ್ಟೆ. ಅತ್ತ ಚೌಕಟ್ಟಿಗೂ ಇದೇ ಚಿಕಿತ್ಸೆ. ರಾತ್ರಿ ಕಳೆದು ಬೆಳಿಗ್ಗೆ ಎತ್ತಿದರೆ ಹಲಗೆಯ ಜೊತೆ ಪೇಪರೂ ಎದ್ದು ಬಂತು. ಕೀಳಲು ಹೋದರೆ ಬಿಳಿಯ ಭಾಗ ಮಾತ್ರ ಬಂತು, ಅಕ್ಷರ ಮರದಲ್ಲೇ ಉಳಿಯಿತು. ಕೆಳಗಿನ ಮೈ ಯಾರು ನೋಡುತ್ತಾರೆ ಎಂದು ಬಿಟ್ಟೆ.

ಚೌಕಟ್ಟು ಮೂಲೆಮಟ್ಟಕ್ಕೆ ಬಂದಿದೆಯಾ ಎಂದು ನೋಡಲು ಎರಡು ದಾರಿ. ಒಂದು, 3-4-5. ಮೂಲೆಯಿಂದ ಒಂದು ಕಡೆ 3 ಪಾಲು, ಇನ್ನೊಂದು ಕಡೆ ಅಂಥದೇ 4 ಪಾಲು ಗುರುತು ಮಾಡಿ, ಗುರುತುಗಳ ನಡುವೆ 5 ಪಾಲು ಬಂದರೆ ಮೂಲೆ ಸರಿ. ಪೈಥಾಗೊರಸನ ಪ್ರಮೇಯ. ಹದಿನಾರು ವರ್ಷದಿಂದ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದನ್ನು ಆಚಾರ್ರು ಐವತ್ತು ವರ್ಷದಿಂದ ದಾರ ಹಿಡಿದು ಮಾಡುತ್ತಿದ್ದರಂತೆ. ಪೈಥಾಗೊರಸನ ಹೆಸರು ಹೇಳಿದ್ದಕ್ಕೆ, “ಯಾವ ಊರಿನ ಆಚಾರಿ?” ಎಂದು ಕೇಳಿದರು. ಇನ್ನೊಂದು ದಾರಿ ಸುಲಭದ್ದು. ಕರ್ಣ ಅಳೆಯುವುದು. ಎದುರುಬದುರು ಬದಿ ಸಮ ಇದ್ದು, ಎರಡೂ ಕರ್ಣವೂ ಸಮ ಬಂದರೆ ಆಯತ. ಆಚಾರ್ರ ಮೊಮ್ಮಗಳನ್ನು ಕರೆದು ಟೇಪಿನ ಒಂದು ತುದಿ ಹಿಡಿಯಲು ಹೇಳಿದೆ. ಒಂದು ಕರ್ಣ ಅಳೆದೆವು. ಇನ್ನೊಂದು ಅಳೆದೆವು. ಅರ್ಧ ಇಂಚು ಜಾಸ್ತಿ. ಕೊಕ್ಕೆಯ ಒಂದು ಮಿಲಿಮೀಟರನ್ನು ನನ್ನ ಹಗ್ಗ ತಿರುಚಿ ತಿರುಚಿ ಅರ್ಧ ಇಂಚು ಮಾಡಿತ್ತು. ಅಂಟು ಆಗಲೇ ಕಲ್ಲಾಗಿತ್ತು.

ಹುಡುಗಿ ಟೇಪು ನೋಡಿದಳು, ನನ್ನನ್ನು ನೋಡಿದಳು. ಅಜ್ಜನ ಹಾಗೆಯೇ, “ಹೂಂ” ಅಂದಳು.

ನಮ್ಮದು ಕೆಂಪು ಗಾರೆಯ ನೆಲ. ಮೇಜನ್ನು ಕೋಣೆಯಲ್ಲಿ ನಿಲ್ಲಿಸಿದರೆ ಗಡಗಡ. ಕಾಲು ಉದ್ದ ಗಿಡ್ಡ ಆಗಿದೆ ಎಂದು ತಿಳಿದು, ಹಲಸಿನ ಒಂದು ಕಾಲಿಗೆ ಚೂರು ಗರಗಸ ಹಾಕಿದೆ. ಈ ಕಾಲು ಕೊಯ್ಯುವ ಚಟ ಎಲ್ಲಿಗೆ ಮುಟ್ಟುತ್ತದೆ ಎಂದು ನಾನೂ ಕೇಳಿ ಬಲ್ಲೆ. ಹಾಗಾಗಿ ಎರಡೇ ಸಲಕ್ಕೆ ನಿಲ್ಲಿಸಿದೆ. ಮೇಜು ನಿಂತಿತು, ನಂಬಿದರೆ ನಂಬಿ, ಬಂಡೆ ಹಾಗೆ. ಮೇಲಿಟ್ಟ ಪೆನ್ಸಿಲು ಉರುಳಲಿಲ್ಲ.

ಹೆಂಡತಿ ಬಂದು ನೋಡಿ, “ಕಿಟಕಿ ಪಕ್ಕ ಬೇಡ, ಮಳೆಗಾಲಕ್ಕೆ ಎರಚಲು ಹೊಡೀತದೆ. ಆ ಗೋಡೆಗೆ ಹಾಕಿ” ಎಂದಳು. ಆ ಗೋಡೆಗೆ ಹಾಕಿದರೆ ಗಡಗಡ. ಈ ಗೋಡೆಗೆ ಹಾಕಿದರೂ ಗಡಗಡ. ಆಗ ಅಪ್ಪಯ್ಯ ಒಂದು ಚೆಂಬು ನೀರು ತಂದು ನೆಲಕ್ಕೆ ಚೆಲ್ಲಿದರು. ನೀರು ನಿಧಾನಕ್ಕೆ ಹೊಸಿಲ ಕಡೆ ಹೊರಟಿತು. ಅಜ್ಜನ ಕಾಲದ ನೆಲ, ತೊಳೆದ ನೀರು ತಾನೇ ಹೊರಗೆ ಹೋಗಲಿ ಎಂದು ಒಂದೊಂದು ಕಡೆ ಒಂದೊಂದು ತರ ಇಳಿಜಾರು ಬಿಟ್ಟು ಕಟ್ಟಿದ್ದು. ಮೇಜಿನ ಕಾಲು ಮೊದಲೇ ಸರಿ ಇದ್ದವು. ನಾನು ನೆಲಕ್ಕೆ ಸರಿಯಾಗಿ ಕೊಯ್ದಿದ್ದೆ, ಅದೂ ಕಿಟಕಿ ಪಕ್ಕದ ನಾಲ್ಕಡಿ ನೆಲಕ್ಕೆ. ಭೂಮಿಯ ಮೇಲೆ ನನ್ನ ಮೇಜು ಅಲ್ಲಾಡದೆ ನಿಲ್ಲುವ ಜಾಗ ಈಗ ಅದೊಂದೇ.

ಪಾಲಿಶಿನ ಹೊತ್ತಿಗೆ ರಜೆ ಮುಗಿದು ಶಾಲೆ ಶುರುವಾಗಿತ್ತು. ಹತ್ತು ದಿನದ ಕೆಲಸಕ್ಕೆ ಐವತ್ತೆಂಟನೇ ದಿನ. ಅರಗಿನ ಚಕ್ಕೆ ತಂದು ಸ್ಪಿರಿಟ್ಟಿನಲ್ಲಿ ನೆನೆಸಿಟ್ಟೆ. ರಾತ್ರಿ ಕಳೆದರೆ ಜೇನಿನ ಬಣ್ಣದ ಪಾಲಿಶು ಸಿದ್ಧ. ಹತ್ತಿಯನ್ನು ಹಳೇ ಪಂಚೆಯಲ್ಲಿ ಕಟ್ಟಿ ಉಂಡೆ ಮಾಡಿ, ಅದ್ದಿ ಅದ್ದಿ ತಿಕ್ಕಬೇಕು. ಮನೆಯೆಲ್ಲ ಸ್ಪಿರಿಟ್ಟಿನ ವಾಸನೆ. “ಅರಗಿನ ಮನೆ ಕಟ್ತಿದೀರಾ? ಪಾಂಡವರಿಗಾದ್ರೂ ಸುರಂಗ ಇತ್ತು” ಎಂದು ಹೆಂಡತಿ ಅಡಿಗೆಮನೆಯಿಂದ ಕೂಗಿದಳು. ಮೊದಲ ಕೈಗೆ ಹಲಸು ಬಂಗಾರದ ಹಾಗೆ ಹೊಳೆಯಿತು. ಎರಡನೇ ಕೈ ಹಾಕುವಾಗ ಮೃಗಶಿರಾ ಮಳೆ ಹಿಡಿಯಿತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ಪಿರಿಟ್ಟು ಆರುವಾಗ ಅದರ ತಂಪಿಗೆ ನೀರು ಕೂತುಬಿಡುತ್ತದೆ, ಪಾಲಿಶು ಬೆಳ್ಳಗಾಗುತ್ತದೆ. ಅದು ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣೆದುರೇ ಮೇಜಿನ ಮೇಲೆ ಮಂಜು ಇಳಿಯಿತು, ಆಗುಂಬೆ ಘಾಟಿಯಲ್ಲಿ ಇಳಿಯುವ ಹಾಗೆ. ಬಿಸಿಲು ಬಂದ ದಿನ ಮತ್ತೆ ಬರೀ ಸ್ಪಿರಿಟ್ಟು ಒರೆಸಿ ಬಿಡಿಸಿದೆ. ಆ ವರ್ಷ ಜೂನಿನಲ್ಲಿ ಬಿಸಿಲು ಬಂದ ದಿನ ಎರಡು.

ಕೊನೆಗೂ ಮುಗಿಯಿತು. ಮುಗಿದ ಸಂಜೆಯೇ ಅತ್ತಿಗೆ ಬಂದರು, ನೆಲನೆಲ್ಲಿ ತಂದವರು. ಮೇಜು ನೋಡಿ ಬಹಳ ಮೆಚ್ಚಿದರು. ಮೆಚ್ಚುತ್ತಾ ಮೆಚ್ಚುತ್ತಾ ಕೈಯಲ್ಲಿದ್ದ ಬಿಸಿ ಕಾಫಿ ಲೋಟವನ್ನು ಅದರ ಮೇಲಿಟ್ಟರು. ಅರಗಿಗೆ ಬಿಸಿ ಆಗುವುದಿಲ್ಲ. ಲೋಟ ಎತ್ತಿದಾಗ ಅಲ್ಲಿ ಒಂದು ಬಿಳೀ ಉಂಗುರ ಇತ್ತು, ಕೈವಾರ ಇಟ್ಟು ಎಳೆದ ಹಾಗೆ ವೃತ್ತ. ನಮ್ಮ ಮೇಜಿನಲ್ಲಿ ಯಾವುದೇ ಆಕೃತಿ ಸರಿಯಾಗಿ ಬಂದಿದ್ದರೆ ಅದೊಂದೇ. ಹಾಗಾಗಿ ಅಳಿಸಲಿಲ್ಲ.

ಹಲಸಿನ ಮರದಲ್ಲಿ ವೀಣೆ ಮಾಡುತ್ತಾರೆ, ಮೃದಂಗ ಮಾಡುತ್ತಾರೆ. ನಾನು ಮಾಡಿದ್ದು ಮೇಜಾದರೂ ನಾದಕ್ಕೇನೂ ಕೊರತೆ ಇರಲಿಲ್ಲ. ಎಲ್ಲ ನಾದವೂ ಡ್ರಾಯರಿನದು. ಟೇಪಿನ ದೆಸೆಯಿಂದ ಅದು ಗೂಡಿಗಿಂತ ಚೂರು ಗಿಡ್ಡವಾಗಿತ್ತು. ಎಳೆದರೆ ಕಟಕಟ, ತಳ್ಳಿದರೆ ಲೊಟಲೊಟ. ಇದೊಂದನ್ನಾದರೂ ಸರಿ ಮಾಡೋಣ ಎಂದು ಎರಡೂ ಪಕ್ಕದ ಹಲಗೆಯ ಕೆಳಗೆ ತೆಳ್ಳನೆಯ ಪಟ್ಟಿ ಅಂಟಿಸಿ, ಉಜ್ಜಿ, ಕೂದಲೆಳೆ ಜಾಗವೂ ಇಲ್ಲದ ಹಾಗೆ ಕೂರಿಸಿದೆ. ತಳ್ಳಿದರೆ ಒಳಗಿನ ಗಾಳಿ “ಹುಸ್” ಅಂತ ಹೊರಬರುತ್ತಿತ್ತು. ಅದರ ತಳಕ್ಕೆ ಅಜ್ಜನ ಬಾಕಿಯ ಹಲಗೆಯನ್ನೇ ತೆಳ್ಳಗೆ ಮಾಡಿಸಿ ಹಾಕಿದ್ದೆ. ಶಾಯಿ ಚೆಲ್ಲಿ ಹಾಳಾಗದಿರಲಿ ಎಂದು ಅಕ್ಷರದ ಮೈ ಕೆಳಗೆ. ಆ ಹುಸ್ ಕೇಳಿಸಲು ಆಚಾರ್ರನ್ನು ಕರೆದೆ. ಈ ಸಲ ಜಾಣನಾಗಿ ಕೇಳಿಯೇ ಕೇಳಿದೆ, “ಹೇಗಿದೆ?”

“ಈಗ ಚೆನ್ನಾಗಿದೆ” ಎಂದರು. ಆ “ಈಗ”ವನ್ನು ನಾನು ಗಮನಿಸಬೇಕಿತ್ತು.

ಜುಲೈ ಎರಡನೇ ವಾರ. ಒಂಬತ್ತನೇ ಕ್ಲಾಸಿಗೆ ಕಿರುಪರೀಕ್ಷೆ ಕೊಟ್ಟು, 38 ಉತ್ತರ ಪತ್ರಿಕೆ ತಂದು ಡ್ರಾಯರಿನಲ್ಲಿಟ್ಟೆ. ರಾತ್ರಿ ಪುನರ್ವಸು ಮಳೆ ಹೊಯ್ದದ್ದೇ ಹೊಯ್ದದ್ದು. ಕಿಟಕಿಯಿಂದ ಎರಚಲು. ನಾಲ್ಕು ದಿನ ಬಿಡಲಿಲ್ಲ. ಐದನೇ ದಿನ ತಿದ್ದೋಣ ಎಂದು ಡ್ರಾಯರ್ ಎಳೆದರೆ ಮೇಜೇ ನನ್ನ ಕಡೆ ಬಂತು.

ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಇಲ್ಲ. ಅಗಲಕ್ಕೆ ಹಿಗ್ಗುತ್ತದೆ. ಐದು ಅಂಗುಲದ ಹಲಗೆ ಮಳೆಗಾಲದಲ್ಲಿ ಒಂದು ಮಿಲಿಮೀಟರು ಉಬ್ಬಿದರೆ ಆಶ್ಚರ್ಯ ಇಲ್ಲ. ಸರಿಯಾಗಿ ಅಷ್ಟೇ ಜಾಗವನ್ನು ಆ ತಪ್ಪು ಟೇಪು ಬಿಟ್ಟಿತ್ತು. ನಾನು ಪಟ್ಟಿ ಹಾಕಿ ಮುಚ್ಚಿದ್ದೆ.

ಮೇಣದ ಬತ್ತಿ ಉಜ್ಜಿದೆ. ಕೊಡತಿಯಲ್ಲಿ ತಟ್ಟಿದೆ. ಹೆಂಡತಿಯ ಕೂದಲು ಒಣಗಿಸುವ ಮಷೀನು ಹಿಡಿದೆ, ಕರೆಂಟು ಹೋಯಿತು. ಆಚಾರ್ರು ಬಂದು ಎರಡು ಬೆರಳಲ್ಲಿ ಎಳೆದು ನೋಡಿ, “ಸ್ವಾತಿ ಮಳೆ ಮುಗೀಲಿ ಮಾಸ್ತರ್ರೇ, ತಾನೇ ಬಿಡ್ತದೆ” ಎಂದರು. ಸ್ವಾತಿ ಅಂದರೆ ಅಕ್ಟೋಬರ್ ಕೊನೆ.

ಶಾಲೆಯಲ್ಲಿ ಈ ಸುದ್ದಿ ಹೇಗೆ ಹಬ್ಬಿತು ಎಂದು ಹೇಳಬೇಕಾಗಿಲ್ಲ, ಬೇಲಿಯಾಚೆಯವಳು ಅದೇ ಕ್ಲಾಸಿನವಳು. ದಿನಾ ಕ್ಲಾಸಿಗೆ ಹೋದರೆ, “ನಮಸ್ತೇ ಸರ್” ಆದ ಮೇಲೆ ಎರಡನೇ ಮಾತು, “ಡ್ರಾಯರ್ ಬಂತಾ ಸರ್?” ಹಿಂದಿನ ಬೆಂಚಿನವರು ಕಿಟಕಿಯಿಂದ ಮೋಡ ನೋಡಿ ಕೈ ಮುಗಿಯುವುದನ್ನು ನಾನೇ ಕಂಡೆ. ಹೆಡ್ ಮಾಸ್ತರು ಮಾತ್ರ ನಗಲಿಲ್ಲ. ಸೋಮವಾರ ಅಂಕಪಟ್ಟಿ ಮೇಜಿನ ಮೇಲಿರಬೇಕು ಎಂದರು. ಯಾರ ಮೇಜಿನ ಮೇಲೆ ಎಂದು ನಾನು ಕೇಳಲಿಲ್ಲ.

ಭಾನುವಾರ ರಾತ್ರಿ ಟಾರ್ಚು, ಸ್ಕ್ರೂಡ್ರೈವರು ಹಿಡಿದು ಮೇಜಿನ ಕೆಳಗೆ ತೂರಿ ಅಂಗಾತ ಮಲಗಿದೆ. ತಳದ ಹಲಗೆಗೆ ಆರು ಸ್ಕ್ರೂ. ಬಿಚ್ಚಿದರೆ ಪತ್ರಿಕೆ ಕೆಳಗಿಂದ ತೆಗೆಯಬಹುದು. ಟಾರ್ಚಿನ ಬೆಳಕಿಗೆ ಮೊದಲು ಕಂಡದ್ದು ಎಡಗಡೆ, ಮರಕ್ಕೆ ಅಂಟಿದ ಪೇಪರಿನ ಅಕ್ಷರ. ರಾಶಿ ಭವಿಷ್ಯದ ಪುಟ. ಕನ್ನಡಿಯಲ್ಲಿ ಓದಿದ ಹಾಗೆ ತಿರುಗಾಮುರುಗಾ ಇತ್ತು, ಆದರೂ ಓದಿದೆ. ನನ್ನ ರಾಶಿಯ ಮುಂದೆ “ಕೈಗೊಂಡ ಕೆಲಸದಲ್ಲಿ ವಿಳಂಬ” ಅಂತ ಇತ್ತು. ಅಂಟಿಸಿದ ದಿನವೇ ಓದಿದ್ದರೆ ಎನ್ನಿಸಿತು. ಬಲಗಡೆ ಮೂಗಿನ ಮೇಲೆಯೇ ಅಜ್ಜನ 14 ರೂ. 8 ಆಣೆ.

“ಸಿಕ್ತಾ?” ಎಂದು ಅಪ್ಪಯ್ಯನ ದನಿ ಕೇಳಿಸಿತು. ಮಂಚದ ಮೇಲೆ ಕೂತಿದ್ದರು, ಕಾಲು ಮಾತ್ರ ಕಾಣುತ್ತಿತ್ತು.

“ಸಿಗ್ತಾ ಇದೆ.”

“ಗಾಣದವಂದು ಕೇಳ್ದೆ.”

ಆರನೇ ಸ್ಕ್ರೂ ಬಿಚ್ಚಿದ್ದೇ ತಡ, 38 ಪತ್ರಿಕೆಯೂ ಒಟ್ಟಿಗೆ ನನ್ನ ಮುಖದ ಮೇಲೆ ಬಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಆಚಾರ್ರ ಮೊಮ್ಮಗಳದ್ದು. ನಾಲ್ಕು ಅಂಕದ ಪ್ರಶ್ನೆ: ಒಂದು ಸಮಾಂತರ ಚತುರ್ಭುಜ ಆಯತವೇ ಅಲ್ಲವೇ ಎಂದು ಹೇಗೆ ತೀರ್ಮಾನಿಸುತ್ತೀರಿ? ನಿತ್ಯ ಜೀವನದ ಒಂದು ಉದಾಹರಣೆ ಕೊಡಿ.

“ಕರ್ಣಗಳು ಸಮವಾಗಿದ್ದರೆ ಆಯತ” ಎಂದು ದುಂಡಗೆ ಬರೆದಿದ್ದಳು. “ಉದಾಹರಣೆ: ನಮ್ಮ ಸರ್ ಮನೆಯ ಮೇಜಿನ ಕರ್ಣಗಳಿಗೆ ಅರ್ಧ ಇಂಚು ವ್ಯತ್ಯಾಸ ಇದೆ. ಆದ್ದರಿಂದ ಅದು ಆಯತ ಅಲ್ಲ.” ಪಕ್ಕದಲ್ಲಿ ಚಿತ್ರ. ನಾಲ್ಕು ಕಾಲು ಬರೆದು, ಒಂದಕ್ಕೆ ಮಾತ್ರ ಕಂದು ಬಣ್ಣ ತುಂಬಿದ್ದಳು.

ನಾಲ್ಕಕ್ಕೆ ನಾಲ್ಕು ಹಾಕಿದೆ. ಉಳಿದ 37ನ್ನು ಎತ್ತಿಕೊಂಡು ಹೊಲಿಗೆ ಮಷೀನಿನ ಕಡೆ ಹೋದೆ.